ಕಬ್ಬಿನ ಕಾಕಾನ ವರ್ಷ

ಹೋದ ತಿಂಗಳು ದುಮ್ಮವಾಡದಿಂದ ಕಲಘಟಗಿಗೆ ಹೋದಾಗ ಶೇಂಗಾ ಎಣ್ಣೆ ತರಲು ಒಂದು ಗಾಣದ ಅಂಗಡಿಗೆ ಹೊಕ್ಕೆ. ಅಂಗಡಿಯವನು ಆಗಷ್ಟೇ ಯಂತ್ರಕ್ಕೆ ಕುಸುಬಿ ಹಾಕಿದ್ದ. ಬೆಚ್ಚಗಿನ ಎಣ್ಣೆ ಸಣ್ಣ ದಾರದಂತೆ ಇಳಿಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಅಂಗೈ ಜಿಡ್ಡಾದ ಹಾಗನಿಸಿ ಸೆರಗಿಗೆ ಒರೆಸಿಕೊಂಡೆ. ಅವನು ನೋಡಿದ. “ಎಣ್ಣಿ ಇನ್ನೂ ಕೊಟ್ಟೇ ಇಲ್ಲಲ್ರಿ ಅಕ್ಕೋರ, ಕೈ ಯಾಕ ಒರಸ್ಕೊಂತೀರಿ?” ಎಂದ. ಶೇಂಗಾ ಎಣ್ಣೆ ಮರೆತು ಕುಸುಬಿ ಎಣ್ಣೆಯನ್ನೇ ತಂದೆ.

ಒಂದು ವರ್ಷ ನಾವು ಈ ಎಣ್ಣೆಯನ್ನು ಒಗ್ಗರಣೆಗಿಂತ ಹೆಚ್ಚು ತೊಗಲಿಗೆ ಹಾಕಿದ್ದೆವು. ಯರಗುಪ್ಪಿ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿಯೊಂದರ ಹೈಸ್ಕೂಲು. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರು ನನ್ನ ಮೇಲೆ ಸಿಟ್ಟಾಗುತ್ತಾರೆ. ನಾನು ಪಿ.ಟಿ. ಟೀಚರ್. ಅಲ್ಲಿದ್ದದ್ದು ಒಂದೇ ವರ್ಷ. ಆ ವರ್ಷ ಒಬ್ಬ ಹುಡುಗಿ ಒಂದು ಪಂದ್ಯ ಆಡಬೇಕಿತ್ತು, ಆಡಲಿಲ್ಲ. ಸಂಗತಿ ಇಷ್ಟೇ. ಮರೆತೆ ಅಂದುಕೊಂಡಿದ್ದೆ.

ನಾನು ಹಾಜರಾದದ್ದು ಜೂನ್ ಒಂದಕ್ಕೆ. ಹೆಡ್‌ಮಾಸ್ತರ್ ಅಂಗಡಿ ಸರ್ ಹಾಜರಿ ಪುಸ್ತಕ ತೆರೆಯುವ ಮೊದಲು ನನ್ನ ಕೈಗೆ ಒಂದು ಬೂಂದಿ ಉಂಡೆ ಇಟ್ಟರು. ನನ್ನ ಕಾಗದ ಪತ್ರ ಮೊದಲೇ ನೋಡಿದ್ದರು.

“ಹ್ಯಾಪಿ ಬರ್ತ್‌ಡೇರಿ ಟೀಚರ್. ನಂದೂ ಇವತ್ತ. ಗಣಿತದ ಸರ್ದೂ ಇವತ್ತ. ಹುಡುಗೂರೊಳಗ ಅರ್ಧಕ್ಕರ್ಧ ಇವತ್ತ ಹುಟ್ಟ್ಯಾವು. ಅದಕ್ಕ ವರ್ಷಾ ಎರಡ ಬುಟ್ಟಿ ಉಂಡಿ ತರಸ್ತೀನಿ” ಎಂದರು.

ನಮ್ಮ ಕಡೆ ಹುಟ್ಟಿದ ತಾರೀಖು ಗೊತ್ತಿಲ್ಲದ ಮಗುವನ್ನು ಶಾಲೆಗೆ ತಂದರೆ ಮಾಸ್ತರರು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಶಾಲೆ ಶುರುವಾಗುವ ದಿನ, ಲೆಕ್ಕಕ್ಕೆ ಸುಲಭ. ನಮ್ಮವ್ವನ ಪ್ರಕಾರ ನಾನು ಹುಟ್ಟಿದ್ದು ಸಂಕ್ರಾಂತಿ ಮುಗಿದ ವಾರ, ಕುಸುಬಿ ಹೂ ಬಿಟ್ಟಾಗ. ಸರಕಾರದ ಪ್ರಕಾರ ಜೂನ್ ಒಂದು. ಆ ದಿನ ಬುಟ್ಟಿ ಹಿಡಿದು ‘ಇವತ್ತು ಹುಟ್ಟಿದ’ ಮಕ್ಕಳಿಗೆ ಉಂಡೆ ಹಂಚಿದವಳೂ ನಾನೇ. ಹತ್ತನೇ ತರಗತಿಯ ಸಾಲಿನಲ್ಲಿ ಒಬ್ಬ ಹುಡುಗಿ ಎಡಗೈ ಚಾಚಿದಳು. ಬಲಗೈ ಚಾಚು ಎಂದೆ. ಅವಳು ಕೈ ಬದಲಿಸಲಿಲ್ಲ, ಚಾಚಿದ ಕೈ ಚಾಚಿಕೊಂಡೇ ನಿಂತಳು. ಉದ್ದನೆಯ ಕೈ. ಕೊಟ್ಟು ಮುಂದೆ ಹೋದೆ. ಅವಳೇ ಸುಜಾತಾ. ಕಾಗದದಲ್ಲಿ ಅವಳಿಗೆ ಅಂದು ಎಷ್ಟು ತುಂಬಿತು ಎಂದು ನಾನು ಅವತ್ತೇ ನೋಡಬೇಕಿತ್ತು. ನೋಡಲಿಲ್ಲ.

ಸ್ಟೋರ್ ರೂಮಿನಲ್ಲಿ ಇಲಾಖೆಯಿಂದ ಬಂದ ಒಂದು ಗೋಣಿಚೀಲ ಬಿದ್ದಿತ್ತು. ಬಿಚ್ಚಿದರೆ ಬೇಸ್‌ಬಾಲ್ ಸಾಮಾನು. ಎರಡು ಬ್ಯಾಟು, ಒಂಬತ್ತು ತೊಗಲಿನ ಕೈಗವಸು, ಒಂದು ಡಜನ್ ಚೆಂಡು. ಒಂದು ಬ್ಯಾಟನ್ನು ಒಮ್ಮೆ ಹಾವು ಹೊಡೆಯಲು ಬಳಸಿದ್ದರಂತೆ. ಕೈಗವಸುಗಳು ಬಿಸಿಲಿಗೆ ಬಿಟ್ಟ ಹಳೆಯ ಕೆರದ ಹಾಗೆ ಸೆಟೆದಿದ್ದವು. ನಾನು ತರಬೇತಿ ಕಾಲೇಜಿನಲ್ಲಿ ಒಂದು ಹಂಗಾಮು ಸಾಫ್ಟ್‌ಬಾಲ್ ಆಡಿದ್ದೆ. ನಿಯಮ ಗೊತ್ತಿತ್ತು, ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವ ವಿದ್ಯೆ ಗೊತ್ತಿರಲಿಲ್ಲ. ಹುಡುಗಿಯರ ತಂಡಗಳು ಜಿಲ್ಲೆಯಲ್ಲೇ ನಾಲ್ಕೋ ಐದೋ. ಜಿಲ್ಲೆಯ ಪಂದ್ಯದಲ್ಲಿ ಕಣ್ಣಿಗೆ ಬಿದ್ದವರನ್ನು ರಾಜ್ಯದ ಆಯ್ಕೆಗೆ ಕರೆಯುತ್ತಿದ್ದರು. ಅಲ್ಲಿ ದಾಟಿದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ವಸತಿ, ಕಾಲೇಜು ಎಲ್ಲ ಪುಕ್ಕಟೆ. ಇದನ್ನು ಪ್ರಾರ್ಥನೆಯ ಹೊತ್ತಿಗೆ ಹೇಳಿದೆ. ಹನ್ನೊಂದು ಹುಡುಗಿಯರು ಹೆಸರು ಕೊಟ್ಟರು.

ಜುಲೈ ತುಂಬ ಜಡಿಮಳೆ. ಎರೆಮಣ್ಣಿನ ಮೈದಾನ. ಒಂದು ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮುಂದೆ ಬರುತ್ತಿತ್ತು. ಹುಡುಗಿಯರನ್ನು ವರಾಂಡದಲ್ಲಿ ಕೂರಿಸಿ, ಮನೆಯಿಂದ ಒಂದೊಂದು ಬಟ್ಟಲು ಎಣ್ಣೆ ತರಿಸಿ, ಕೈಗವಸು ಮೆತ್ತಗಾಗಲೆಂದು ತಿಕ್ಕಲು ಹಚ್ಚಿದೆ. ಎಲ್ಲರ ಮನೆಯಲ್ಲೂ ಇದ್ದದ್ದು ಕುಸುಬಿ ಎಣ್ಣೆ. ನಾಲ್ಕನೇ ದಿನ ಒಬ್ಬ ತಾಯಿ ಶಾಲೆಗೇ ಬಂದು, “ಅಕ್ಕೋರ, ನಮ್ಮನ್ಯಾಗ ಚಟ್ನಿಗಿ ಎಣ್ಣಿ ಇಲ್ಲ, ನಿಮ್ಮ ತೊಗಲಿಗಿ ಎಣ್ಣಿ ಬೇಕೇನ್ರಿ?” ಎಂದು ಕೇಳಿ ಹೋದಳು. ಮಾತು ಸರಿಯಾಗೇ ಇತ್ತು. ಮರುದಿನದಿಂದ ನನ್ನ ಮನೆಯ ಡಬ್ಬಿ ತಂದಿಟ್ಟೆ.

ಸುಮ್ಮನೆ ತಿಕ್ಕುತ್ತ ಕೂತರೆ ಬೇಸರ. ಚೆಂಡು ಹೇಗೆ ಎಸೆಯುತ್ತಾರೆಂದು ಫೋನಿನಲ್ಲಿ ಹುಡುಕುತ್ತಿದ್ದಾಗ ನನಗೆ ಕ್ಯೂಬಾ ದೇಶದ ಒಬ್ಬ ಹಳೆಯ ಆಟಗಾರ ಸಿಕ್ಕಿದ್ದ. ಎಡಗೈಯವನು. ಅವನ ಜೀವನದ ಮೇಲೆ ಉದ್ದನೆಯ ವಿಡಿಯೋಗಳು ಇದ್ದವು, ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಬರುತ್ತಿದ್ದವು. ನಾನು ರಾತ್ರಿ ನೋಡಿ ಹಗಲು ಹೇಳುವ ರೂಢಿ ಆಯಿತು. ಅವನ ಹೆಸರು ಹುಡುಗಿಯರ ಬಾಯಲ್ಲಿ ನಿಲ್ಲಲಿಲ್ಲ. ಕಬ್ಬಿನ ಊರಿನವನು, ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಒಲೆಗೆ ಸಿಪ್ಪೆ ತುಂಬುತ್ತಿದ್ದವನು ಎಂದ ಮೇಲೆ ಅವನಿಗೆ ಕಬ್ಬಿನ ಕಾಕಾ ಎಂದು ಹೆಸರಿಟ್ಟರು.

“ಕ್ಯೂಬಾ ಎಲ್ಲಿ ಬರತೈತ್ರಿ?”

“ಅಮೆರಿಕಾದ ಬಾಜೂಕ. ಸುತ್ತಲೂ ಸಮುದ್ರ.”

“ಕಬ್ಬಂದ್ರ ನೀರಾವರಿ ಐತೇಳ್ರಿ ಹಂಗಾರ. ಶ್ರೀಮಂತ ಇರಬೇಕು.”

“ಎಲ್ಲಿ ಶ್ರೀಮಂತ. ಚೆಂಡ ಇರಲಿಲ್ಲ ಅಂವಗ. ಕಲ್ಲಿಗಿ ಅರಿವಿ ಸುತ್ತಿ ಒಗೀತಿದ್ದ.”

ಆಗ ಅಷ್ಟು ದಿನ ಬಾಯಿ ಬಿಡದ ಸುಜಾತಾ ತಲೆ ಎತ್ತಿದಳು. “ಕಲ್ಲರ ಸಿಗತಿದ್ವಲ್ರಿ ಅಂವಗ” ಎಂದಳು. ಎರೆಹೊಲದಲ್ಲಿ ಹುಡುಕಿದರೂ ಕಲ್ಲು ಸಿಗುವುದಿಲ್ಲ. ಸೂರ್ಯಕಾಂತಿಗೆ ಬರುವ ಗಿಳಿ ಓಡಿಸುವ ಕೂಲಿಗೆ ಹೋಗುತ್ತಿದ್ದ ಅವಳು ಮಣ್ಣನ್ನೇ ಉಂಡೆ ಕಟ್ಟಿ ಒಲೆಯ ಬಾಜೂ ಒಣಗಿಸಿ ಒಯ್ಯುತ್ತಿದ್ದಳಂತೆ. ಕವಣೆ ಗಿವಣೆ ಇಲ್ಲ, ಬರೀ ಕೈ.

ಎಸೆದು ತೋರಿಸು ಎಂದೆ. ಮಳೆ ಆಗ ಬಿಡುವು ಕೊಟ್ಟಿತ್ತು. ಗೇಟಿನ ಹತ್ತಿರ ನಿಂತು, ಆಫೀಸಿನ ಮುಂದೆ ತೂಗುಹಾಕಿದ್ದ ರೈಲು ಹಳಿಯ ತುಂಡಿಗೆ ಗುರಿ ಇಟ್ಟಳು. ಅದೇ ನಮ್ಮ ಶಾಲೆಯ ಗಂಟೆ. ಚೆಂಡು ಹೋಗಿ ಬಡಿಯಿತು. ಊರೆಲ್ಲ ಕೇಳುವ ಹಾಗೆ ಢಣ್ ಎಂದಿತು. ಶಾಲೆ ಬಿಟ್ಟಿತೆಂದು ಎಂಟನೇ ತರಗತಿ ಚೀಲ ಹೊತ್ತು ಓಡಿತು, ಹಿಂದೆ ಒಂಬತ್ತನೆಯದು. ಅಂಗಡಿ ಸರ್ ಸೀಮೆಸುಣ್ಣ ಹಿಡಿದು ಹೊರಗೆ ಬಂದು, “ಯಾರಲೇ ಗಂಟಿ ಹೊಡದವ್ರು?” ಎಂದರು. ನಾನು ಗೇಟಿನ ಕಡೆ ಕೈ ಮಾಡಿದೆ. ಅವರು ಗೇಟು ನೋಡಿದರು, ಹಳಿ ನೋಡಿದರು, ನಡುವಿನ ದೂರ ನೋಡಿದರು. “ಇನ್ನೊಮ್ಮೆ ಒಗಿ” ಎಂದರು. ಎರಡನೆಯ ಸಲವೂ ಬಡಿಯಿತು. ಹೋದ ಮಕ್ಕಳನ್ನು ಕರೆತರಲು ಅರ್ಧ ತಾಸು ಹಿಡಿಯಿತು.

ಅಲ್ಲಿಂದ ಶ್ರಾವಣ ಮುಗಿಯುವವರೆಗೆ ನಾವು ಅಭ್ಯಾಸ ಮಾಡಿದ್ದು ಡಾಂಬರು ರಸ್ತೆಯ ಮೇಲೆ. ಗಟ್ಟಿ ನೆಲ ಅಂತ ಇದ್ದದ್ದು ಅದೊಂದೇ. ಆದರೆ ಹೆಸರುಕಾಳಿನ ಕಟಾವಿನ ಕಾಲ, ರೈತರು ಅದೇ ರಸ್ತೆಯ ಮೇಲೆ ಹೆಸರಿನ ಗಿಡ ಹರವುತ್ತಿದ್ದರು. ಓಡಾಡುವ ಟ್ರ್ಯಾಕ್ಟರು, ಬಸ್ಸು ಅದನ್ನು ಒಕ್ಕಿಕೊಡುತ್ತಿದ್ದವು. ಜಗಳ ಆಗುತ್ತದೆಂದು ನಾನು ಹೆದರಿದ್ದೆ. ಒಬ್ಬ ಮುದುಕ ಮಾತ್ರ, “ಹುಡಿಗ್ಯಾರನ್ನ ಬಾಜೂಕ ಯಾಕ ಓಡಸ್ತೀರಿ ಅಕ್ಕೋರ, ಹೆಸರಿನ ಮ್ಯಾಲೇ ಓಡಸ್ರಿ, ನಾಕ ಕಾಳರ ಉದುರಲಿ” ಎಂದ. ಓಡಿಸಿದೆವು. ನಮ್ಮ ಮೊದಲ ಬೇಸು, ಅಂದರೆ ಹೊಡೆದವಳು ಓಡಿ ಮುಟ್ಟಬೇಕಾದ ಗುರುತು, ಎರಡು ವಾರ ಅವನ ಹೆಸರಿನ ರಾಶಿಯ ಮಗ್ಗುಲಲ್ಲೇ ಇತ್ತು.

ಸುಜಾತಾ ಕಬ್ಬಿನ ಕಾಕಾನನ್ನು ನೋಡಿ ಕಲಿತಳು. ನಾನು ಕಲಿಸಿದೆ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ನನ್ನ ಫೋನಿನ ಪರದೆಯ ಮೇಲೆ ಅವನು ಕಾಲು ಎತ್ತುವುದು, ಸೊಂಟ ತಿರುಗಿಸುವುದು, ಕೈ ಹಿಂದಿನಿಂದ ಬರುವುದು, ಇಷ್ಟನ್ನು ನಿಲ್ಲಿಸಿ ನಿಲ್ಲಿಸಿ ನೋಡುವಳು. ಅವನು ಬಾಯಲ್ಲಿ ಹುಲ್ಲುಕಡ್ಡಿ ಕಚ್ಚುತ್ತಿದ್ದ, ಇವಳು ಜೋಳದ ದಂಟಿನ ಚೂರು ಕಚ್ಚಿದಳು. ಬಡಿಗೆ ಹಿಡಿದ ಹುಡುಗಿಯರು ಅವಳ ಚೆಂಡಿಗೆ ಕಣ್ಣು ಮುಚ್ಚುತ್ತಿದ್ದರು. ಒಂಬತ್ತನೇ ತರಗತಿಯ ರೇಣುಕಾ ಅಂತೂ, “ಲೇ ಸುಜಿ, ನಾ ಗಿಳಿ ಅಲ್ಲಬೇ” ಎಂದು ಬಡಿಗೆ ಒಗೆದು ಓಡಿಹೋಗಿದ್ದಳು.

ದಿನಾ ಅಭ್ಯಾಸ ಮುಗಿದ ಮೇಲೆ ಕಥೆಯ ಒಂದು ತುಂಡು. ಕಬ್ಬಿನ ಕಾಕಾ ಕ್ರೀಡಾ ಶಾಲೆಗೆ ಸೇರಿದ. ದೇಶದ ತಂಡಕ್ಕೆ ಆಡಿದ. ಊರಿನಲ್ಲಿ ಅವನ ಹೆಸರು ಹೇಳಿದರೆ ಅಂಗಡಿಯವರು ಚಹಾದ ದುಡ್ಡು ಇಸಿದುಕೊಳ್ಳುತ್ತಿರಲಿಲ್ಲ, ಆದರೆ ಸಿಗುವ ಸಂಬಳ ಒಬ್ಬ ಮಾಸ್ತರನಷ್ಟೇ. ಪರದೇಶದ ಪಂದ್ಯಕ್ಕೆ ಹೋದಾಗ ತಂಡ ಬಿಟ್ಟು ಹೊರಟ. ಅಮೆರಿಕಾದಲ್ಲಿ ದುಡ್ಡಿಗಾಗಿ ಆಡಿದ, ಹತ್ತು ವರ್ಷ. ಹೋದದ್ದಕ್ಕೆ ಅವನ ದೇಶ ತಿರುಗಿ ಕಾಲಿಡಲು ಬಿಡಲಿಲ್ಲ. ತಾಯಿ ಸತ್ತಾಗ ಮಣ್ಣಿಗೂ ಬರಲಾಗಲಿಲ್ಲ. ಆ ದಿನವೂ ಅವನಿಗೆ ಪಂದ್ಯವಿತ್ತು, ಆಡಿದ. ಅದನ್ನು ಹೇಳಿದಾಗ ಹುಡುಗಿಯರು ಎಣ್ಣೆ ತಿಕ್ಕುವುದು ಬಿಟ್ಟರು. ಸುಜಾತಾ, “ಆಡಬಾರದಿತ್ರಿ” ಎಂದಳು. ಕೈಗವಸು ತಿರುವಿ ಹಾಕಿ, “ಏನ ಮಾಡ್ತಾನ್ರಿ ಮತ್ತ, ಆಡದಿದ್ರ ಕುಂತ ಏನ ಮಾಡ್ತಾನ” ಎಂದಳು. ಆಮೇಲೆ ಮೊಳಕೈ ಕೆಟ್ಟಿತು, ಎರಡು ಸಲ ಆಪರೇಶನ್ ಮಾಡಿಸಿಕೊಂಡ. ಮುದುಕನಾದ ಮೇಲೆ ದೇಶ ಒಳಗೆ ಬಿಟ್ಟುಕೊಂಡಿತು, ಅದೇ ಊರಿಗೆ ಬಂದ. ಕಾರ್ಖಾನೆ ಮುಚ್ಚಿತ್ತು. ಈಗ ಅದರ ಅಂಗಳದಲ್ಲಿ ಮಕ್ಕಳಿಗೆ ಕಲಿಸುತ್ತಾನೆ. ಇದರಲ್ಲಿ ಒಂದು ತುಂಡನ್ನು ನಾನು ಬಿಟ್ಟಿದ್ದೆ. ಮಕ್ಕಳಿಗೆ ಹೇಳುವಂಥದ್ದಲ್ಲ ಅನಿಸಿತ್ತು.

ಪಂದ್ಯಕ್ಕೆ ಒಂಬತ್ತು ದಿನ ಇರುವಾಗ ಅರ್ಜಿ ತುಂಬಲು ಕೂತೆ. ಹದಿನೇಳರ ಒಳಗಿನವರ ಪಂದ್ಯ. ಆ ವರ್ಷದ ಕೊನೆಗೆ ಹದಿನೇಳು ತುಂಬಿರಬಾರದು. ಸುಜಾತಾಳ ತಾರೀಖು ಜೂನ್ ಒಂದು. ಕೂಡಿಸಿ ಕಳೆದು ನೋಡಿದೆ. ನಾನು ಉಂಡೆ ಕೊಟ್ಟ ದಿನವೇ ಅವಳಿಗೆ ಹದಿನೇಳು ತುಂಬಿತ್ತು. ಹುಡುಗಿ ನೋಡಿದರೆ ಹದಿನೈದು ದಾಟಿದ ಹಾಗೆ ಕಾಣುವುದಿಲ್ಲ. ಎರಡು ವರ್ಷ ತಂದೆತಾಯಿಯ ಜೊತೆ ಗೋವಾದಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿದ್ದು, ಬಂದು ಬಿಟ್ಟ ತರಗತಿಯಲ್ಲೇ ಕೂತವಳು ಎಂಬುದು ಗೊತ್ತಿತ್ತು. ಆದರೂ ಲೆಕ್ಕ ಹೆಚ್ಚಾಯಿತಲ್ಲ ಅನಿಸಿ ಸಂಜೆ ಅವಳ ಮನೆಗೆ ಹೋದೆ.

ತಾಯಿ ಕಸ್ತೂರೆವ್ವ ಬುದ್ಧನ ಫೋಟೊದ ಕೆಳಗೆ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಕೇಳಿದ್ದಕ್ಕೆ ಮೊರ ಪಕ್ಕಕ್ಕಿಟ್ಟಳು.

“ಸಾಲಿಗಿ ಹಾಕುವಾಗ ನಾಕೂವರಿ ವರ್ಷ ಇತ್ರಿ ಕೂಸಿಗೆ. ನಾ ಕೂಲಿಗಿ ಹೋಗಬೇಕು, ಮನ್ಯಾಗ ನೋಡವ್ರಿಲ್ಲ. ಸಾಲ್ಯಾಗ ಕುಂತ್ರ ಮಧ್ಯಾನ್ನ ಊಟಾನರ ಸಿಗತೈತಿ ಅಂತ ಕರಕೊಂಡ ಹೋದ್ನಿ. ಆಗಿನ ಮಾಸ್ತರು, ಕಿವಿ ಮುಟ್ಟಸು ಅಂದ್ರು.”

ಕಿವಿ ಮುಟ್ಟಿಸುವುದು ನನಗೂ ಗೊತ್ತು, ನನಗೂ ಮಾಡಿಸಿದ್ದರು. ಮಗು ಒಂದು ಕೈಯನ್ನು ತಲೆಯ ಮೇಲಿಂದ ತಂದು ಆಚೆ ಬದಿಯ ಕಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮುಂದಿನ ವರ್ಷ ಬಾ.

“ಮುಟ್ಟಾಕಿಲ್ಲ ಅಂದಕೊಂಡಿದ್ನಿ. ಈಕಿ ಎಡಗೈ ಎತ್ತಿ ಬಲಗಿವಿ ಮುಟ್ಟಿದ್ಳು. ಮುಟ್ಟೂದೇನು, ಹಿಡದ ಜಗ್ಗಿದ್ಳರಿ. ಮಾಸ್ತರು ನಕ್ಕೋತ ಆರು ಅಂತ ಬರಕೊಂಡ್ರು. ನಂಗೂ ಅಗದಿ ಖುಷಿ ಆಗಿತ್ತು.” ಇಷ್ಟು ಹೇಳಿ ನನ್ನ ಮುಖ ನೋಡಿದಳು. “ಯಾಕ್ರಿ ಅಕ್ಕೋರ, ತಪ್ಪಾತೇನ್ರಿ?”

ಇಲ್ಲವ್ವ ಎಂದೆ. ಒಲೆಯ ಮುಂದೆ ಕೂತಿದ್ದ ಸುಜಾತಾ ತನ್ನ ಎಡಗೈಯನ್ನು ಲಂಗದ ಮಡಿಕೆಯಲ್ಲಿ ಇಟ್ಟುಕೊಂಡಿದ್ದಳು. ಗಂಟೆಗೆ ಚೆಂಡು ಮುಟ್ಟಿಸಿದ ಕೈ ಅದೇ. ಅದು ಉದ್ದ ಇದ್ದದ್ದಕ್ಕೆ ಅವಳು ಆಡಬೇಕಾದವಳು, ಅದು ಉದ್ದ ಇದ್ದದ್ದಕ್ಕೇ ಆಡುವಂತಿಲ್ಲ.

ಮರುದಿನ ಅಂಗಡಿ ಸರ್ ತಾಲ್ಲೂಕು ಆಫೀಸಿಗೆ ಫೋನು ಮಾಡಿದರು. ತಾರೀಖು ತಿದ್ದಲು ಕೋರ್ಟಿನ ಕಾಗದ ಬೇಕು, ತಿಂಗಳುಗಟ್ಟಲೆ ಆಗುತ್ತದೆ ಎಂದರಂತೆ. ಫೋನಿಟ್ಟು ಬಾಗಿಲು ಮುಂದೆ ಮಾಡಿ ಬಂದು ಕೂತರು.

“ರೇಣುಕಾನ ಕಾಗದ ಒಯ್ರಿ, ಸುಜಾತಾನ್ನ ಒಯ್ರಿ. ಟೊಪಿಗಿ ಹಾಕಿದ್ ಮ್ಯಾಲೆ ಯಾರ ಮಾರಿ ಯಾರ ನೋಡ್ತಾರ. ಇದು ಸುಳ್ಳ ಅಲ್ರಿ ಟೀಚರ್. ಹುಡಿಗಿ ಖರೇನ ಸಣ್ಣಾಕಿ. ಸುಳ್ಳ ಹೇಳಾಕತ್ತದ್ದು ಕಾಗದ.”

ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ನಾನು ಬೇಡ ಎಂದೆ. ರೇಣುಕಾಳ ಹೆಸರಿನಲ್ಲಿ ಆಡಿ ಆಯ್ಕೆಯಾದರೆ ಹಾಸ್ಟೆಲಿನ ಸೀಟೂ ರೇಣುಕಾಳದ್ದೇ, ಸುಜಾತಾಳಿಗೆ ಏನು ಬಂತು ಎಂದೆ. ಅದೇ ಮಾತನ್ನು ಸುಜಾತಾಳಿಗೂ ಹೇಳಿದೆ. ವಿಷಯ ಅವಳಿಗೆ ಅಷ್ಟರಲ್ಲಿ ತಲುಪಿತ್ತು, ರೇಣುಕಾಳೇ ಹೇಳಿದ್ದಳು.

“ಸೀಟು ಹೋಗ್ಲಿ ತಗೋರಿ” ಎಂದಳು. “ಹೆಸರ ಯಾರದಿದ್ರೇನ್ರಿ, ಕೈ ನಂದ ಐತಲ್ರಿ. ಒಂದ ಸಲ ಖರೇ ಮೈದಾನದಾಗ ಒಗೀತೀನ್ರಿ ಅಕ್ಕೋರ. ಒಂದ ಪಂದ್ಯ. ಸಾಕು.”

ಸೀಟಿನ ಮಾತು ಹೋದ ಮೇಲೆ ನನ್ನ ಕೈಯಲ್ಲಿ ಬೇರೆ ಕಾರಣ ಉಳಿಯಲಿಲ್ಲ. ಸಿಕ್ಕಿಬಿದ್ದರೆ ನನ್ನ ನೌಕರಿ ಹೋಗುತ್ತದೆ ಎಂಬುದೇ ಮೊದಲಿನಿಂದ ಇದ್ದ ಕಾರಣ, ಉಳಿದದ್ದನ್ನು ನಾನು ಅದರ ಮೇಲೆ ಹೊದಿಸಿದ್ದೆ. ಇದನ್ನು ಅವಳಿಗೆ ಹೇಳಲಿಲ್ಲ. ಆಗುವುದಿಲ್ಲ ಎಂದಷ್ಟೇ ಹೇಳಿದೆ.

ಎರಡು ದಿನ ಬಿಟ್ಟು ವರಾಂಡದಲ್ಲಿ ಕೂತಾಗ, “ಕಬ್ಬಿನ ಕಾಕಾನ ಕಾಗದ ಸರಿ ಇದ್ವೇನ್ರಿ?” ಎಂದಳು. ಬಿಟ್ಟಿದ್ದ ತುಂಡು ಅದೇ ಆಗಿತ್ತು. ಮುಚ್ಚಿಡುವ ಶಕ್ತಿ ನನಗಿರಲಿಲ್ಲ, ಹೇಳಿದೆ. ದೇಶ ಬಿಟ್ಟಾಗ ಅವನು ವಯಸ್ಸಿನಲ್ಲಿ ಎರಡು ವರ್ಷ ಕಡಿಮೆ ಬರೆಸಿದ್ದ. ಹರೆಯದವರಿಗೆ ದುಡ್ಡು ಹೆಚ್ಚು. ಎಷ್ಟೋ ವರ್ಷಕ್ಕೆ ಗೊತ್ತಾಯಿತು. ಪತ್ರಿಕೆಯವರು ಬೈದರು, ಅವನು ಒಪ್ಪಿಕೊಂಡ, ಮುಂದಿನ ವಾರ ಮತ್ತೆ ಆಡಿದ.

“ಅಂವಗ ಯಾರೂ ಕಿವಿ ಮುಟ್ಟಸಲಿಲ್ಲೇನ್ರಿ?” ಎಂದಳು. ಹುಡುಗಿಯರು ನಕ್ಕರು. ಅವಳು ನಗಲಿಲ್ಲ. “ಅಂವಾ ಸುಳ್ಳ ಬರಸಿ ಆಡಿದ. ನಾ ಖರೇ ಇದ್ದ ಕುಂತ್ನಿ” ಎಂದು ಕೈಗವಸಿಗೆ ಎಣ್ಣೆ ತಿಕ್ಕಿದಳು. ನಾನು ಡಬ್ಬಿಯ ಮುಚ್ಚಳ ಹುಡುಕಿದೆ.

ಮುಂದಿನ ಜೂನಿನಲ್ಲಿ ನನಗೆ ಕಲಘಟಗಿ ಕಡೆ ವರ್ಗವಾಯಿತು. ಸುಜಾತಾ ಈಗ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಾಳೆ. ಅವಳು ಸೇರಿದ ಕಾಲೇಜುಗಳಲ್ಲಿ ಈ ಆಟ ಇರಲಿಲ್ಲ. ಪ್ರತಿ ಜೂನ್ ಒಂದಕ್ಕೆ ನನಗೆ ಹುಟ್ಟುಹಬ್ಬದ ಮೆಸೇಜು ಕಳಿಸುತ್ತಾಳೆ, ನಾನೂ ಅವಳಿಗೆ ಕಳಿಸುತ್ತೇನೆ. ಇಬ್ಬರೂ ಆ ದಿನ ಹುಟ್ಟಿದವರಲ್ಲ. ಕಬ್ಬಿನ ಕಾಕಾ ಎಸೆದ ಒಂದೊಂದು ಚೆಂಡಿನ ಲೆಕ್ಕವೂ ಫೋನಿನಲ್ಲಿ ಸಿಗುತ್ತದೆ. ಇವಳ ಹೆಸರು ಯಾವ ಪಂದ್ಯದ ಹಾಳೆಯಲ್ಲೂ ಇಲ್ಲ.

ಗಾಣದ ಅಂಗಡಿಯಲ್ಲಿ ನನಗೆ ಮೊದಲು ನೆನಪಾದದ್ದು ಪಂದ್ಯದ ಆ ಬೆಳಗು. ಧಾರವಾಡದ ಮೈದಾನ, ಕೆಂಪು ನೆಲ, ಕಾಲಿಗೆ ಹತ್ತದ ಮಣ್ಣು. ಸುಜಾತಾ ತಾನೂ ಬರುತ್ತೇನೆ ಎಂದು ಟೆಂಪೋ ಹತ್ತಿದ್ದಳು. ಬಂದ ಮೇಲೆ ಸುಮ್ಮನೆ ಯಾಕೆ ಎಂದು, ಪಂದ್ಯಕ್ಕೆ ಮೊದಲು ನಮ್ಮ ಹುಡುಗಿಯರಿಗೆ ಹೊಡೆಯುವ ಅಭ್ಯಾಸಕ್ಕೆ ಚೆಂಡು ಎಸೆಯುತ್ತಿದ್ದಳು. ಕೈಗವಸು ಅಷ್ಟರಲ್ಲಿ ಎಷ್ಟು ಮೆತ್ತಗಾಗಿತ್ತೆಂದರೆ ಹಿಂಡಿದರೆ ಎಣ್ಣೆ ಬರುವಂತಿತ್ತು. ಆಚೆ ತಂಡದ ಹುಡುಗಿಯರು ತಮ್ಮ ಅಭ್ಯಾಸ ಬಿಟ್ಟು ಬಂದು ನಿಂತರು. ರಾಜ್ಯದ ಆಯ್ಕೆಗೆ ಬಂದಿದ್ದ ಹಿರಿಯ ಕೋಚೊಬ್ಬರು ಕೈಯಲ್ಲಿ ಹಾಳೆ ಹಿಡಿದು ನನ್ನ ಬಳಿ ಬಂದರು.

“ಆ ಎಡಗೈ ಹುಡಿಗಿ ಯಾರ್ರಿ? ಲಿಸ್ಟಿನ್ಯಾಗ ಯಾಕಿಲ್ಲ?”

“ವಯಸ್ಸು ಮೀರೈತ್ರಿ.”

ಅವರು ನಂಬಲಿಲ್ಲ. ಹತ್ತಿರ ಹೋಗಿ, “ಏನವಾ ತಂಗಿ, ವಯಸ್ಸೆಷ್ಟ ನಿಂದು?” ಎಂದು ಅವಳನ್ನೇ ಕೇಳಿದರು.

ಸುಜಾತಾ ಬಾಯಲ್ಲಿದ್ದ ದಂಟಿನ ಚೂರು ಉಗುಳಿದಳು. ಚೆಂಡನ್ನು ಕೈಗವಸಿನಲ್ಲಿ ಇಟ್ಟು ಎಡಗೈ ಖಾಲಿ ಮಾಡಿಕೊಂಡಳು. ಅದನ್ನು ಎತ್ತಿ ತಲೆಯ ಮೇಲಿಂದ ತಂದಳು. ಬೆರಳು ಬಲಗಿವಿಯನ್ನು ದಾಟಿ ಗದ್ದದವರೆಗೆ ಬಂದವು.

“ಇಷ್ಟರಿ” ಎಂದಳು.

ಕೋಚಿಗೆ ಅರ್ಥವಾಗಲಿಲ್ಲ. ತುಂಟ ಹುಡುಗಿ ಎಂದು ನಕ್ಕು ಹಾಳೆ ಮಡಚಿಕೊಂಡು ಬೇರೆ ತಂಡದ ಕಡೆ ಹೋದರು. ಅವಳು ಕೈ ಇಳಿಸದೆ ಹಾಗೇ ನಿಂತು ನನ್ನ ಕಡೆ ನೋಡಿದಳು. ನಾನು ಬ್ಯಾಟು ಎಣಿಸುತ್ತೇನೆ ಎಂದು ಟೆಂಪೋ ಕಡೆ ನಡೆದೆ. ಇದ್ದದ್ದೇ ಎರಡು ಬ್ಯಾಟು.